ಟ್ಯಾಬ್ ಒತ್ತಿ, ನೋಡಿ, ಆಮೇಲೆ ಎಂಟರ್: ಕಮಾಂಡ್ ಲೈನ್‌ನಲ್ಲಿ ಡಿಸ್ಕ್ ನಿರ್ವಹಣೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ತೀರಾ ಹಳೆಯದಾಗಿರಬಾರದು. ಹಾಗಾಗಿ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಮುಂದಿನ ದಾರಿ ಇಲ್ಲದಂತಾಯಿತು. ಅವನ್ನು ಎಸೆಯಲು ಮನಸ್ಸಿಲ್ಲದವರು ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮುಂತಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳ ಕಡೆ ನೋಡುತ್ತಿದ್ದಾರೆ.

ಹೀಗೆ ಹೊಸದಾಗಿ ಬಂದವರು ಮೊದಲು ಎದುರಿಸುವುದು ಡಿಸ್ಕಿನ ಕೆಲಸ. ಪೆನ್ ಡ್ರೈವ್‌ಗೆ ಐಎಸ್‌ಒ, ಅಂದರೆ ಹೊಸ ಸಿಸ್ಟಮ್ ಹಾಕಲು ಬೇಕಾದ ಫೈಲ್, ಬರೆಯಬೇಕು. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬೇಕು. ಹೊರಗಿನ ಡಿಸ್ಕಿನಲ್ಲಿರುವ ಫೋಟೊಗಳನ್ನು ತೆರೆಯಬೇಕು. ಹೇಗೆ ಅಂತ ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಈ ಸಾಲು ಟೈಪ್ ಮಾಡಿ. ಭಯ ಶುರುವಾಗುವುದೇ ಇಲ್ಲಿ. ಆ ಸಾಲಿನಲ್ಲಿ ಒಂದಕ್ಷರ ಬದಲಾದರೆ ಪೆನ್ ಡ್ರೈವ್ ಬದಲು ಮನೆಯವರ ಫೋಟೊ ಇರುವ ಡಿಸ್ಕೇ ಅಳಿಸಿ ಹೋಗಬಹುದು.

ಈ ಭಯವನ್ನು ಕಡಿಮೆ ಮಾಡುವ ಒಂದು ಸಾಧನ ಕೀಬೋರ್ಡಿನಲ್ಲೇ ಇದೆ. ಅದು ಟ್ಯಾಬ್ ಕೀ. ಟೈಪ್ ಮಾಡುವ ಶ್ರಮ ಉಳಿಸುವುದಕ್ಕೆ ಅಂತ ಮಾತ್ರ ಅದನ್ನು ಬಳಸುವವರು ಜಾಸ್ತಿ. ಡಿಸ್ಕಿನ ವಿಷಯದಲ್ಲಿ ಅದರ ದೊಡ್ಡ ಉಪಯೋಗ ಬೇರೆ. ಎಂಟರ್ ಒತ್ತುವ ಮೊದಲೇ ಮೆಷಿನ್‌ನಲ್ಲಿ ಈಗ ಏನೇನು ಇದೆ ಅಂತ ಅದು ತೋರಿಸುತ್ತದೆ. ಅದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಅನ್ನುವುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಒಂದು ಸೂಚನೆ. ಈ ಲೇಖನದಲ್ಲಿ ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಎಲ್ಎಸ್‌ಬಿಎಲ್‌ಕೆ ಅಂದರೆ ಆ ಐದು ಅಕ್ಷರ, ನಡುವೆ ಖಾಲಿ ಜಾಗ ಇಲ್ಲ. ದೊಡ್ಡಕ್ಷರ ಬೇಕಾದ ಕಡೆ ಹಾಗಂತ ಹೇಳಿದ್ದೇನೆ.

## ಡಿಸ್ಕ್, ಪಾರ್ಟಿಷನ್, ಫೈಲ್ ಸಿಸ್ಟಮ್, ಮೌಂಟ್

ಈ ನಾಲ್ಕು ಪದ ಸ್ಪಷ್ಟವಾಗದೆ ಮುಂದೆ ಹೋಗುವುದು ಬೇಡ.

ಒಂದು ಡಿಸ್ಕನ್ನು ಒಂದು ಸರ್ವೆ ನಂಬರಿನ ಜಮೀನು ಅಂದುಕೊಳ್ಳಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಅದು 45/1, 45/2, 45/3 ಅಂತ ಹಿಸ್ಸಾ ಆಗುತ್ತದೆ. ನೆಲ ಅದೇ, ನಡುವೆ ಬದು ಬಿದ್ದಿದೆ ಅಷ್ಟೆ. ಡಿಸ್ಕಿನ ಇಂಥ ಒಂದೊಂದು ಪಾಲೂ ಒಂದು ಪಾರ್ಟಿಷನ್. ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆದಿಟ್ಟ ಸರ್ವೆ ನಕ್ಷೆ ಡಿಸ್ಕಿನ ಆರಂಭದಲ್ಲೇ ಇರುತ್ತದೆ. ಅದು ಪಾರ್ಟಿಷನ್ ಟೇಬಲ್. ಪಾಲಿಗೆ ಬಂದ ನೆಲವನ್ನು ಹದ ಮಾಡಿ, ಸಾಲು ಹೊಡೆದು, ಬೆಳೆ ಇಡುವುದಕ್ಕೆ ಸಜ್ಜು ಮಾಡಿದರೆ ಅದು ಫೈಲ್ ಸಿಸ್ಟಮ್. ಇಷ್ಟಾದರೂ ಹೊಲಕ್ಕೆ ಹೋಗಲು ದಾರಿ ಬೇಕಲ್ವಾ? ಆ ದಾರಿ ಬಿಡಿಸುವ ಕೆಲಸವೇ ಮೌಂಟ್.

ಇದರಲ್ಲಿ ಒಂದು ಮುಖ್ಯ ಸಂಗತಿ ಇದೆ. ಕೆಲವು ಕಮಾಂಡ್‌ಗಳು ಇಡೀ ಜಮೀನಿನ ಮೇಲೆ ಕೆಲಸ ಮಾಡುತ್ತವೆ, ಕೆಲವು ಒಂದು ಹಿಸ್ಸಾದ ಮೇಲೆ ಮಾತ್ರ. ಪಾರ್ಟಿಷನ್ ಮಾಡುವುದು, ಐಎಸ್‌ಒ ಬರೆಯುವುದು ಇಡೀ ಡಿಸ್ಕಿಗೆ ಸೇರಿದ ಕೆಲಸ. ಫಾರ್ಮ್ಯಾಟ್ ಮಾಡುವುದು, ಮೌಂಟ್ ಮಾಡುವುದು ಸಾಮಾನ್ಯವಾಗಿ ಒಂದು ಪಾರ್ಟಿಷನ್‌ಗೆ ಸೇರಿದ್ದು. ಹೊಸಬರು ಎಡವುವುದು ಬಹಳ ಸಲ ಇಲ್ಲೇ.

ಪಾರ್ಟಿಷನ್ ಟೇಬಲ್‌ನಲ್ಲಿ ಎರಡು ಬಗೆ ಇವೆ. ಎಂಬಿಆರ್ ಎಂಬ ಹಳೆಯದು 1983ರ ಪಿಸಿ ಡಾಸ್ ಕಾಲದ್ದು. ಅದರಲ್ಲಿ ಮುಖ್ಯ ಪಾರ್ಟಿಷನ್ ನಾಲ್ಕೇ ಇರಬಹುದು, ಮತ್ತು ಸಾಮಾನ್ಯವಾಗಿ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲು ಆಗುವುದಿಲ್ಲ. ಈಗಿನದು ಜಿಪಿಟಿ. ಇದು ಸಾಮಾನ್ಯವಾಗಿ 128 ಪಾರ್ಟಿಷನ್‌ಗೆ ಜಾಗ ಇಡುತ್ತದೆ, ಟೇಬಲ್‌ನ ಒಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಟ್ಟಿರುತ್ತದೆ.

ಫೈಲ್ ಸಿಸ್ಟಮ್‌ಗಳಲ್ಲಿ ಎಕ್ಸ್‌ಟಿ4 ಮತ್ತು ಬಿಟಿಆರ್‌ಎಫ್‌ಎಸ್ ಲಿನಕ್ಸ್ ಲೋಕದವು. ಎನ್‌ಟಿಎಫ್‌ಎಸ್ ವಿಂಡೋಸ್‌ನದು. ಎಕ್ಸ್‌ಫ್ಯಾಟ್ ಪೆನ್ ಡ್ರೈವ್‌ಗೆ ಒಳ್ಳೆಯದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೆರೆಯುತ್ತದೆ. ಹಳೆಯ ಫ್ಯಾಟ್32 ಎಲ್ಲೆಡೆ ನಡೆಯುತ್ತದೆ, ಆದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ದೊಡ್ಡ ವಿಡಿಯೊ ಕಾಪಿ ಆಗದೆ ನಿಲ್ಲುವುದಕ್ಕೆ ಬಹಳ ಸಲ ಇದೇ ಕಾರಣ.

## ಡಿಸ್ಕಿಗೆ ಲಿನಕ್ಸ್ ಇಡುವ ಹೆಸರು

ವಿಂಡೋಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಅಂತ ಇರುತ್ತದೆ. ಲಿನಕ್ಸ್‌ನಲ್ಲಿ ಪ್ರತಿ ಡಿಸ್ಕೂ /ಡೆವ್ ಎಂಬ ಫೋಲ್ಡರಿನಲ್ಲಿ ಒಂದು ಫೈಲಿನಂತೆ ಕಾಣುತ್ತದೆ. ಸಾಟಾ ಡಿಸ್ಕ್ ಮತ್ತು ಯುಎಸ್‌ಬಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಸರಣಿಯಾಗಿ ಹೆಸರು ಬೀಳುತ್ತದೆ. ಎಸ್‌ಡಿಬಿಯ ಮೊದಲ ಪಾರ್ಟಿಷನ್ ಎಸ್‌ಡಿಬಿ1, ಎರಡನೆಯದು ಎಸ್‌ಡಿಬಿ2.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ಇರುತ್ತದೆ. ಅದರ ಹೆಸರು ಎನ್‌ವಿಎಂಇ0ಎನ್1. ಹೆಸರು ಅಂಕಿಯಲ್ಲೇ ಮುಗಿಯುವುದರಿಂದ ಪಾರ್ಟಿಷನ್ ಸಂಖ್ಯೆಗೆ ಮೊದಲು ಒಂದು ಪಿ ಸೇರುತ್ತದೆ: ಎನ್‌ವಿಎಂಇ0ಎನ್1ಪಿ1. ಇಲ್ಲದಿದ್ದರೆ 1ರ ಪಕ್ಕ 1 ಬಂದು ಹನ್ನೊಂದು ಅಂತ ಓದಬೇಕಾಗುತ್ತಿತ್ತು.

ಈಗ ಎಚ್ಚರದ ಮಾತು. ಎಸ್‌ಡಿಎ, ಎಸ್‌ಡಿಬಿ ಕಾಯಂ ಹೆಸರುಗಳಲ್ಲ. ಲಿನಕ್ಸ್ ಡಿಸ್ಕುಗಳನ್ನು ಯಾವ ಕ್ರಮದಲ್ಲಿ ಕಂಡುಕೊಳ್ಳುತ್ತದೋ ಆ ಕ್ರಮದಲ್ಲಿ ಹೆಸರು ಸಿಗುತ್ತದೆ. ಇವತ್ತು ಎಸ್‌ಡಿಬಿ ಆಗಿದ್ದ ಪೆನ್ ಡ್ರೈವ್ ನಾಳೆ ಇನ್ನೊಂದು ಡಿಸ್ಕ್ ಸಿಕ್ಕಿಸಿದಾಗ ಎಸ್‌ಡಿಸಿ ಆಗಬಹುದು. ಕಂಪ್ಯೂಟರನ್ನು ಸುಮ್ನೆ ರೀಸ್ಟಾರ್ಟ್ ಮಾಡಿದರೂ ಕ್ರಮ ಬದಲಾಗಬಹುದು. ಬದಲಾಗದೆ ಉಳಿಯುವುದು ಯುಯುಐಡಿ. ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್‌ಗೆ ಬೀಳುವ ಗುರುತು ಸಂಖ್ಯೆ ಅದು. ಮತ್ತೆ ಫಾರ್ಮ್ಯಾಟ್ ಮಾಡುವವರೆಗೂ ಇರುತ್ತದೆ.

ಗಾತ್ರದ ಬಗ್ಗೆಯೂ ಒಂದು ಮಾತು. 1 ಟಿಬಿ ಡಿಸ್ಕ್ ತಂದವರು 931.5ಜಿ ಅಂತ ನೋಡಿ ಗಾಬರಿಯಾಗುತ್ತಾರೆ. ಮೋಸ ಏನಿಲ್ಲ. ಡಿಸ್ಕ್ ಮಾಡುವವರ ಲೆಕ್ಕದಲ್ಲಿ 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ಲಿನಕ್ಸ್‌ನ ಹೆಚ್ಚಿನ ಕಮಾಂಡ್‌ಗಳು ಸಾವಿರದ ಬದಲು 1024ರಿಂದ ಭಾಗಿಸುತ್ತಾ ಹೋಗುತ್ತವೆ, ಹಾಗಾಗಿ ಸಂಖ್ಯೆ ಇಳಿಯುತ್ತದೆ. 500 ಜಿಬಿ ಡಿಸ್ಕ್ 465.8ಜಿ ಅಂತ ಕಾಣುವುದೂ ಇದಕ್ಕೇ. ಈ ಸಂಖ್ಯೆ ನೆನಪಿದ್ದರೆ ಪಟ್ಟಿಯಲ್ಲಿ ನಿಮ್ಮ ಡಿಸ್ಕ್ ಯಾವುದು ಅಂತ ಗುರುತಿಸುವುದು ಸುಲಭ.

## ಟ್ಯಾಬ್ ಒತ್ತಿದಾಗ ಒಳಗೆ ನಡೆಯುವುದೇನು?

ಟರ್ಮಿನಲ್ ಒಳಗೆ ಕೂತು ನಿಮ್ಮ ಸಾಲನ್ನು ಓದಿ, ಸರಿಯಾದ ಪ್ರೋಗ್ರಾಂಗೆ ಒಪ್ಪಿಸುವ ಪ್ರೋಗ್ರಾಂ ಹೆಸರು ಶೆಲ್. ಉಬುಂಟು, ಮಿಂಟ್, ಫೆಡೋರಾದಲ್ಲಿ ಇರುವುದು ಬ್ಯಾಶ್. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಝಡ್‌ಶೆಲ್ ಬರುತ್ತದೆ. ಫಿಶ್ ಅಂತ ಇನ್ನೊಂದಿದೆ, ಅದು 2005ರಲ್ಲಿ ಬಂತು.

ಅರ್ಧ ಟೈಪ್ ಮಾಡಿದ್ದನ್ನು ಪೂರ್ತಿ ಮಾಡಿಕೊಡುವ ಈ ಯೋಚನೆ ಬಹಳ ಹಳೆಯದು. 1970ರ ದಶಕದ ಟೆನೆಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇತ್ತು. ಆಗ ಟ್ಯಾಬ್ ಅಲ್ಲ, ಎಸ್ಕೇಪ್ ಕೀ ಒತ್ತಬೇಕಿತ್ತು. ಅದನ್ನು ನೋಡಿ ಕೆನ್ ಗ್ರೀರ್ ಎಂಬವರು ಯುನಿಕ್ಸ್‌ನ ಸಿ ಶೆಲ್‌ಗೆ ಅಂಥದ್ದೇ ಸೌಲಭ್ಯ ಸೇರಿಸಿದರು. ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ 1989ರಲ್ಲಿ ಬಂತು. ಮೊದಮೊದಲು ಅದು ಕಮಾಂಡ್ ಹೆಸರು, ಫೈಲ್ ಹೆಸರು ಇಂಥವನ್ನಷ್ಟೇ ಪೂರ್ತಿ ಮಾಡುತ್ತಿತ್ತು. ಡಿಸ್ಕಿನ ಕೆಲಸಕ್ಕೆ ನಿಜವಾಗಿ ಉಪಯೋಗವಾದದ್ದು 2000ದಲ್ಲಿ ಬಂದ 2.04 ಆವೃತ್ತಿ. ಪ್ರತಿ ಕಮಾಂಡ್‌ಗೂ ಅದರದೇ ಪೂರಣದ ನಿಯಮ ಬರೆದುಕೊಳ್ಳಲು ಅಲ್ಲಿಂದ ಅವಕಾಶವಾಯಿತು.

ಈಗ ನಡೆಯುವುದು ಹೀಗೆ. ನೀವು ಎಫ್‌ಡಿಸ್ಕ್ ಅಂತ ಬರೆದು, ಒಂದು ಖಾಲಿ ಜಾಗ ಬಿಟ್ಟು, ಟ್ಯಾಬ್ ಒತ್ತುತ್ತೀರಿ. ಬ್ಯಾಶ್ ನಿಮ್ಮ ಸಾಲನ್ನು ಪದ ಪದವಾಗಿ ಬಿಡಿಸುತ್ತದೆ. ಮೊದಲ ಪದ ಎಫ್‌ಡಿಸ್ಕ್ ಅಂತ ಗೊತ್ತಾದಾಗ ಅದೇ ಹೆಸರಿನ ಒಂದು ಪುಟ್ಟ ಸ್ಕ್ರಿಪ್ಟ್ ಇದೆಯಾ ಅಂತ ಹುಡುಕುತ್ತದೆ. ಇಂಥ ಸ್ಕ್ರಿಪ್ಟ್‌ಗಳು ಸಾಮಾನ್ಯವಾಗಿ /ಯುಎಸ್‌ಆರ್/ಶೇರ್/ಬ್ಯಾಶ್-ಕಂಪ್ಲೀಷನ್/ಕಂಪ್ಲೀಷನ್ಸ್ ಎಂಬ ಜಾಗದಲ್ಲಿ ಇರುತ್ತವೆ. ಎಲ್ಲವನ್ನೂ ಒಟ್ಟಿಗೆ ಓದಿಟ್ಟುಕೊಳ್ಳುವುದಿಲ್ಲ, ಬೇಕಾದಾಗ ಬೇಕಾದ್ದನ್ನು ಮಾತ್ರ ಓದುತ್ತದೆ. ಆ ಸ್ಕ್ರಿಪ್ಟ್ ಒಂದು ಪಟ್ಟಿ ಕೊಡುತ್ತದೆ. ನೀವು ಈಗಾಗಲೇ ಬರೆದ ಅಕ್ಷರಗಳಿಗೆ ಹೊಂದುವುದು ಒಂದೇ ಇದ್ದರೆ ಬ್ಯಾಶ್ ಪೂರ್ತಿ ಮಾಡುತ್ತದೆ. ಹಲವು ಇದ್ದರೆ ಎಲ್ಲದರಲ್ಲೂ ಒಂದೇ ಆಗಿರುವ ಭಾಗವನ್ನಷ್ಟೇ ತುಂಬಿ ನಿಲ್ಲುತ್ತದೆ. ಇನ್ನೊಂದು ಸಲ ಟ್ಯಾಬ್ ಒತ್ತಿದರೆ ಪಟ್ಟಿ ತೋರಿಸುತ್ತದೆ.

ಆ ಪಟ್ಟಿ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ಲಿನಕ್ಸ್‌ನ ಡಿಸ್ಕ್ ಕಮಾಂಡ್‌ಗಳಲ್ಲಿ ಹೆಚ್ಚಿನವು ಯುಟಿಲ್-ಲಿನಕ್ಸ್ ಎಂಬ ಒಂದೇ ಕಟ್ಟಿನಲ್ಲಿ ಬರುತ್ತವೆ. ಅದನ್ನು ಬರೆಯುವವರೇ ಪೂರಣದ ಸ್ಕ್ರಿಪ್ಟನ್ನೂ ಬರೆದು ಜೊತೆಗಿಟ್ಟಿದ್ದಾರೆ. ಎಫ್‌ಡಿಸ್ಕ್‌ನ ಸ್ಕ್ರಿಪ್ಟ್ ಡಿಸ್ಕುಗಳ ಹೆಸರಿಗಾಗಿ ಆ ಕ್ಷಣದಲ್ಲೇ ಎಲ್ಎಸ್‌ಬಿಎಲ್‌ಕೆಯನ್ನು ಒಳಗೊಳಗೇ ಓಡಿಸಿ ಉತ್ತರ ತರುತ್ತದೆ. ಅಂದರೆ ಪಟ್ಟಿಯಲ್ಲಿ ಕಾಣುವುದು ಈ ಗಳಿಗೆಯಲ್ಲಿ ಮೆಷಿನ್‌ಗೆ ಸಿಕ್ಕಿಸಿರುವ ಡಿಸ್ಕುಗಳು. ಪೆನ್ ಡ್ರೈವ್ ಕಿತ್ತು ಮತ್ತೆ ಟ್ಯಾಬ್ ಒತ್ತಿ, ಅದರ ಹೆಸರು ಪಟ್ಟಿಯಿಂದ ಹೋಗಿರುತ್ತದೆ. ಯುಮೌಂಟ್ ಕಮಾಂಡಿನ ಮುಂದೆ ಟ್ಯಾಬ್ ಒತ್ತಿದರೆ ಈಗ ಮೌಂಟ್ ಆಗಿರುವವು ಮಾತ್ರ ಬರುತ್ತವೆ.

## ಮೊದಲು ನೋಡುವ ಕಮಾಂಡ್‌ಗಳು

ಡಿಸ್ಕಿನ ಕಮಾಂಡ್‌ಗಳನ್ನು ಎರಡು ಗುಂಪಾಗಿ ನೆನಪಿಟ್ಟುಕೊಳ್ಳಿ: ಬರೀ ನೋಡುವವು, ಬದಲಾಯಿಸುವವು. ನೋಡುವ ಕಮಾಂಡ್‌ಗಳಿಂದ ಅಪಾಯ ಇಲ್ಲ, ಎಷ್ಟು ಸಲ ಬೇಕಾದರೂ ಓಡಿಸಬಹುದು.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಎಲ್ಎಸ್‌ಬಿಎಲ್‌ಕೆ. ಅದು ಡಿಸ್ಕುಗಳನ್ನೂ ಅವುಗಳ ಪಾರ್ಟಿಷನ್‌ಗಳನ್ನೂ ಮರದ ಕೊಂಬೆಗಳ ಹಾಗೆ ಬಿಡಿಸಿ ತೋರಿಸುತ್ತದೆ. ಅಡ್ಮಿನ್ ಅಧಿಕಾರವೂ ಬೇಡ. ಜೊತೆಗೆ -ಎಫ್ ಹಾಕಿದರೆ ಫೈಲ್ ಸಿಸ್ಟಮ್, ಲೇಬಲ್, ಯುಯುಐಡಿ ಕಾಣುತ್ತವೆ. -ಒ ಹಾಕಿದರೆ ಬೇಕಾದ ಕಾಲಂಗಳನ್ನು ನೀವೇ ಆರಿಸಬಹುದು. ಕಾಲಂ ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ: -ಒ ಬರೆದು ಖಾಲಿ ಜಾಗ ಬಿಟ್ಟು ಎರಡು ಸಲ ಟ್ಯಾಬ್ ಒತ್ತಿದರೆ ಪೂರ್ತಿ ಪಟ್ಟಿ ಬರುತ್ತದೆ. ಅದರಲ್ಲಿ ನೇಮ್, ಸೈಜ್, ಮಾಡೆಲ್, ಟ್ರಾನ್, ಮೌಂಟ್‌ಪಾಯಿಂಟ್ ಇವು ಐದು ಸಾಕು. ಇವನ್ನು ದೊಡ್ಡಕ್ಷರಗಳಲ್ಲಿ, ನಡುವೆ ಕಾಮಾ ಹಾಕಿ ಬರೆಯಬೇಕು. ಟ್ರಾನ್ ಕಾಲಂನಲ್ಲಿ ಡಿಸ್ಕ್ ಹೇಗೆ ಜೋಡಣೆಯಾಗಿದೆ ಅಂತ ಇರುತ್ತದೆ: ಸಾಟಾ, ಎನ್‌ವಿಎಂಇ, ಯುಎಸ್‌ಬಿ. ಪೆನ್ ಡ್ರೈವ್ ಹುಡುಕುತ್ತಿದ್ದರೆ ಯುಎಸ್‌ಬಿ ಅಂತ ಇರುವ ಸಾಲು ನೋಡಿದರೆ ಆಯಿತು.

ಇನ್ನೆರಡು ಇವೆ. ಫೈಂಡ್‌ಎಂಎನ್‌ಟಿ ಎಂಬುದು ಯಾವುದು ಎಲ್ಲಿ ಮೌಂಟ್ ಆಗಿದೆ ಅಂತ ಹೇಳುತ್ತದೆ. ಡಿಎಫ್ -ಎಚ್ ಎಷ್ಟು ಜಾಗ ಖಾಲಿ ಇದೆ ಅಂತ ಹೇಳುತ್ತದೆ.

## ಒಂದು ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡೋಣ

ಪೆನ್ ಡ್ರೈವ್ ಸಿಕ್ಕಿಸುವ ಮೊದಲು ಎಲ್ಎಸ್‌ಬಿಎಲ್‌ಕೆ ಓಡಿಸಿ. ಸಿಕ್ಕಿಸಿ, ಮತ್ತೊಮ್ಮೆ ಓಡಿಸಿ. ಎರಡನೇ ಸಲ ಹೊಸದಾಗಿ ಕಂಡ ಸಾಲೇ ನಿಮ್ಮ ಪೆನ್ ಡ್ರೈವ್. ಗಾತ್ರವನ್ನೂ ತಾಳೆ ನೋಡಿ. 32 ಜಿಬಿಯದಾದರೆ 29ರ ಆಸುಪಾಸಿನ ಸಂಖ್ಯೆ ಇರುತ್ತದೆ. ಉದಾಹರಣೆಗೆ ಅದು ಎಸ್‌ಡಿಬಿ, ಅದರ ಪಾರ್ಟಿಷನ್ ಎಸ್‌ಡಿಬಿ1 ಅಂತಿಟ್ಟುಕೊಳ್ಳೋಣ. ನಿಮ್ಮಲ್ಲಿ ಬೇರೆ ಇರಬಹುದು, ಹಾಗಾಗಿ ಇಲ್ಲಿನ ಹೆಸರನ್ನು ಹಾಗೇ ನಕಲು ಮಾಡಬೇಡಿ.

ಪೆನ್ ಡ್ರೈವ್ ಸಿಕ್ಕಿಸಿದ ಕೂಡಲೇ ಡೆಸ್ಕ್‌ಟಾಪ್ ಅದನ್ನು ತಾನಾಗೇ ಮೌಂಟ್ ಮಾಡಿರುತ್ತದೆ. ಫಾರ್ಮ್ಯಾಟ್ ಮಾಡುವ ಮೊದಲು ಅದನ್ನು ಬಿಡಿಸಬೇಕು. ಸುಡೊ ಯುಮೌಂಟ್ ಅಂತ ಬರೆದು, ಮುಂದೆ /ಡೆವ್/ಎಸ್‌ಡಿ ಅಂತ ಬರೆದು ಟ್ಯಾಬ್ ಒತ್ತಿ. ಸುಡೊ ಅಂದರೆ ಈ ಒಂದು ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ. ಯುಮೌಂಟ್‌ನ ಕಾಗುಣಿತ ಗಮನಿಸಿ, ಯು ಆದಮೇಲೆ ಎನ್ ಇಲ್ಲ.

ಹಳೆ ಪಾರ್ಟಿಷನ್ ಸರಿಯಾಗೇ ಇದ್ದರೆ ಅದನ್ನೇ ಬಳಸಿ, ಎಫ್‌ಡಿಸ್ಕ್ ಹಂತ ಬೇಡ. ಹೊಸದಾಗಿ ಪಾಲು ಮಾಡಬೇಕಿದ್ದರೆ ಸುಡೊ ಎಫ್‌ಡಿಸ್ಕ್ /ಡೆವ್/ಎಸ್‌ಡಿಬಿ. ಇಲ್ಲಿ ಇಡೀ ಡಿಸ್ಕಿನ ಹೆಸರು, ಕೊನೆಯಲ್ಲಿ ಅಂಕಿ ಇಲ್ಲ. ಒಳಗೆ ಹೋದ ಮೇಲೆ ಒಂದೊಂದೇ ಅಕ್ಷರದ ಆದೇಶ. ಪಿ ಒತ್ತಿದರೆ ಈಗಿನ ಪಾರ್ಟಿಷನ್‌ಗಳ ಪಟ್ಟಿ. ಜಿ ಒತ್ತಿದರೆ ಹೊಸ ಜಿಪಿಟಿ ಟೇಬಲ್. ಎನ್ ಒತ್ತಿದರೆ ಹೊಸ ಪಾರ್ಟಿಷನ್. ವಿಂಡೋಸ್‌ನಲ್ಲೂ ತೆರೆಯಬೇಕಿದ್ದರೆ ಟಿ ಒತ್ತಿ ಬಗೆಯನ್ನು ಮೈಕ್ರೋಸಾಫ್ಟ್ ಬೇಸಿಕ್ ಡೇಟಾ ಅಂತ ಬದಲಿಸಿ. ಡಬ್ಲ್ಯು ಒತ್ತುವವರೆಗೆ ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ. ಸಂಶಯ ಬಂದರೆ ಕ್ಯೂ ಒತ್ತಿ ಹೊರಗೆ ಬನ್ನಿ. ಇದೇ ಕೆಲಸ ಮಾಡುವ ಪಾರ್ಟೆಡ್ ಎಂಬ ಕಮಾಂಡ್ ಹೀಗೆ ಕಾಯುವುದಿಲ್ಲ, ಹೇಳಿದ್ದನ್ನು ತಕ್ಷಣ ಮಾಡಿಬಿಡುತ್ತದೆ. ಹೊಸಬರಿಗೆ ನಾನು ಎಫ್‌ಡಿಸ್ಕನ್ನೇ ಹೇಳುವುದು ಇದಕ್ಕಾಗಿ.

ಕೊನೆಗೆ ಫಾರ್ಮ್ಯಾಟ್. ಸುಡೊ ಎಂಕೆಎಫ್‌ಎಸ್ ಬರೆದು, ಒಂದು ಚುಕ್ಕಿ ಇಟ್ಟು, ಎರಡು ಸಲ ಟ್ಯಾಬ್ ಒತ್ತಿ. ನಿಮ್ಮ ಮೆಷಿನ್‌ನಲ್ಲಿ ಯಾವ್ಯಾವ ಫೈಲ್ ಸಿಸ್ಟಮ್ ಮಾಡಲು ಸಾಧ್ಯ ಅಂತ ಪಟ್ಟಿ ಬರುತ್ತದೆ: ಎಕ್ಸ್‌ಟಿ4, ವಿಫ್ಯಾಟ್ (ಫ್ಯಾಟ್32 ಮಾಡುವುದು ಇದೇ), ಎನ್‌ಟಿಎಫ್‌ಎಸ್ ಹೀಗೆ. ಎಕ್ಸ್‌ಫ್ಯಾಟ್ ಅದರಲ್ಲಿ ಇಲ್ಲದಿದ್ದರೆ ಎಕ್ಸ್‌ಫ್ಯಾಟ್‌ಪ್ರೋಗ್ಸ್ ಎಂಬ ಪ್ಯಾಕೇಜ್ ಹಾಕಿಕೊಳ್ಳಬೇಕು. ಏನು ಇದೆ, ಏನು ಇಲ್ಲ ಅಂತ ಇಷ್ಟು ಬೇಗ ತಿಳಿಯುವ ದಾರಿ ಇನ್ನೊಂದಿಲ್ಲ. ಎಂಕೆಎಫ್‌ಎಸ್.ಎಕ್ಸ್‌ಫ್ಯಾಟ್ ಆದಮೇಲೆ /ಡೆವ್/ಎಸ್‌ಡಿಬಿ1. ಇಲ್ಲಿ ಪಾರ್ಟಿಷನ್ ಹೆಸರು, ಕೊನೆಯಲ್ಲಿ ಅಂಕಿ ಇದೆ. ಎಂಟರ್ ಒತ್ತುವ ಮೊದಲು ಸಾಲನ್ನು ಇನ್ನೊಮ್ಮೆ ಎಡದಿಂದ ಬಲಕ್ಕೆ ಓದಿ. ಮುಗಿದ ಮೇಲೆ ಎಲ್ಎಸ್‌ಬಿಎಲ್‌ಕೆ -ಎಫ್ ಓಡಿಸಿದರೆ ಹೊಸ ಫೈಲ್ ಸಿಸ್ಟಮ್, ಹೊಸ ಯುಯುಐಡಿ ಕಾಣುತ್ತವೆ.

## ಟ್ಯಾಬ್‌ಗೆ ಗೊತ್ತಿಲ್ಲದ ಸಂಗತಿ

ಟ್ಯಾಬ್ ಕೊಡುವುದು ಇರುವ ಹೆಸರನ್ನು. ನಿಮ್ಮ ಮನಸ್ಸಿನಲ್ಲಿರುವ ಡಿಸ್ಕ್ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಎಸ್‌ಡಿಎ ಕೂಡ ಇದೆ, ಎಸ್‌ಡಿಬಿ ಕೂಡ ಇದೆ. ಅದರ ಪಾಲಿಗೆ ಎರಡೂ ಸರಿ. ಕಾಗುಣಿತ ತಪ್ಪುವುದನ್ನು ಅದು ತಪ್ಪಿಸುತ್ತದೆ, ಆಯ್ಕೆ ತಪ್ಪುವುದನ್ನು ತಪ್ಪಿಸುವುದಿಲ್ಲ. ಶೆಲ್‌ನಿಂದ ಶೆಲ್‌ಗೆ ಟ್ಯಾಬ್‌ನ ನಡವಳಿಕೆ ಬೇರೆ ಆಗುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬ್ಯಾಶ್‌ನಲ್ಲಿ ಹಲವು ಹೆಸರು ಹೊಂದಿದರೆ ಎಷ್ಟು ಸಲ ಟ್ಯಾಬ್ ಒತ್ತಿದರೂ ಪಟ್ಟಿ ಮಾತ್ರ ಬರುತ್ತದೆ, ಆಯ್ಕೆ ನಿಮ್ಮದೇ. ಝಡ್‌ಶೆಲ್ ಹಾಗಲ್ಲ. ಬದಲಾಯಿಸದೆ ಬಳಸಿದರೆ, ಮೊದಲ ಟ್ಯಾಬ್‌ಗೆ ಪಟ್ಟಿ ತೋರಿಸಿ ಎರಡನೇ ಟ್ಯಾಬ್‌ಗೆ ಪಟ್ಟಿಯ ಮೊದಲ ಹೆಸರನ್ನು ಸಾಲಿಗೆ ಸೇರಿಸಿಬಿಡುತ್ತದೆ. ಅಕ್ಷರ ಕ್ರಮದಲ್ಲಿ ಮೊದಲು ಬರುವುದು ಎಸ್‌ಡಿಎ, ಅದು ಎಷ್ಟೋ ಮೆಷಿನ್‌ಗಳಲ್ಲಿ ಸಿಸ್ಟಮ್ ಇರುವ ಡಿಸ್ಕ್. ಬ್ಯಾಶ್‌ನ ಅಭ್ಯಾಸದಲ್ಲಿ ಪಟಪಟ ಎರಡು ಸಲ ಟ್ಯಾಬ್ ಒತ್ತಿ ಎಂಟರ್ ಹೊಡೆಯುವವರು ಝಡ್‌ಶೆಲ್‌ನಲ್ಲಿ ಇದನ್ನು ಖಂಡಿತ ನೆನಪಿಡಬೇಕು. ಫಿಶ್‌ನಲ್ಲೂ ಟ್ಯಾಬ್ ಒತ್ತುತ್ತಾ ಹೋದರೆ ಆಯ್ಕೆ ಒಂದೊಂದಾಗಿ ಮುಂದೆ ಸರಿಯುತ್ತದೆ.

ಫಿಶ್‌ನಲ್ಲಿ ಇನ್ನೊಂದಿದೆ. ನೀವು ಟೈಪ್ ಮಾಡುತ್ತಿರುವಾಗಲೇ ಹಿಂದೆ ಓಡಿಸಿದ ಕಮಾಂಡನ್ನು ಮಸುಕಾದ ಬಣ್ಣದಲ್ಲಿ ಮುಂದೆ ತೋರಿಸುತ್ತದೆ, ಬಲಬಾಣದ ಕೀ ಒತ್ತಿದರೆ ಅದೇ ತುಂಬಿಕೊಳ್ಳುತ್ತದೆ. ಝಡ್‌ಶೆಲ್‌ಗೂ ಇಂಥ ಪ್ಲಗಿನ್ ಇದೆ. ಈ ಸಲಹೆ ಬರುವುದು ಹಳೆಯ ದಾಖಲೆಯಿಂದ. ಹೋದ ತಿಂಗಳು ಎಸ್‌ಡಿಬಿ ಅಂದರೆ ಪೆನ್ ಡ್ರೈವ್, ಇವತ್ತು ಅದೇ ಹೆಸರಿನಲ್ಲಿ ನಿಮ್ಮ ಬ್ಯಾಕಪ್ ಡಿಸ್ಕ್ ಕೂತಿರಬಹುದು. ಬ್ಯಾಶ್‌ನಲ್ಲಿ ಮೇಲ್ಬಾಣ ಒತ್ತಿ ಹಳೆ ಸಾಲು ತರುವಾಗಲೂ ಇದೇ ಅಪಾಯ. ಡಿಸ್ಕ್ ಅಳಿಸುವ ಕಮಾಂಡನ್ನು ಹಳೆಯ ದಾಖಲೆಯಿಂದ ಎಂದೂ ತರಬೇಡಿ. ಅಂಥ ಸಾಲಿನ ಮೊದಲಿಗೆ ಒಂದು ಖಾಲಿ ಜಾಗ ಬಿಟ್ಟರೆ ಫಿಶ್‌ನಲ್ಲೂ ಉಬುಂಟುವಿನ ಬ್ಯಾಶ್‌ನಲ್ಲೂ ಅದು ದಾಖಲೆಗೆ ಸೇರುವುದೇ ಇಲ್ಲ.

ಕಮಾಂಡ್‌ಗಳ ಸ್ವಭಾವವೂ ಒಂದೇ ಅಲ್ಲ. ಎಂಕೆಎಫ್‌ಎಸ್.ಎಕ್ಸ್‌ಟಿ4 ಆ ಜಾಗದಲ್ಲಿ ಈಗಾಗಲೇ ಫೈಲ್ ಸಿಸ್ಟಮ್ ಕಂಡರೆ ಮುಂದುವರಿಯಲೇ ಅಂತ ಕೇಳುತ್ತದೆ. ಎಕ್ಸ್‌ಎಫ್‌ಎಸ್ (ಇದೂ ಒಂದು ಫೈಲ್ ಸಿಸ್ಟಮ್) ಮತ್ತು ಬಿಟಿಆರ್‌ಎಫ್‌ಎಸ್ ಮಾಡುವ ಕಮಾಂಡ್‌ಗಳು -ಎಫ್ ಹಾಕದಿದ್ದರೆ ಒಪ್ಪುವುದೇ ಇಲ್ಲ. ಡಿಡಿ ಮಾತ್ರ ಏನನ್ನೂ ಕೇಳುವುದಿಲ್ಲ. ಐಎಸ್‌ಒ ಬರೆಯಲು ಹೆಚ್ಚಿನವರು ಬಳಸುವುದು ಅದನ್ನೇ. ಅದರಲ್ಲಿ ಐಎಫ್= ಎಂಬುದು ಎಲ್ಲಿಂದ ಓದಬೇಕು ಅನ್ನುವುದು, ಒಎಫ್= ಎಂಬುದು ಎಲ್ಲಿಗೆ ಬರೆಯಬೇಕು ಅನ್ನುವುದು. ಒಎಫ್= ಮುಂದೆ ಬರೆದ ಡಿಸ್ಕಿನಲ್ಲಿ ಇದ್ದದ್ದರ ಮೇಲೆ ಬರೆಯುತ್ತಾ ಹೋಗುತ್ತದೆ.

## ಬೈ-ಐಡಿ: ಹೆಸರಿನಲ್ಲೇ ಗುರುತು

ಇದಕ್ಕೊಂದು ಒಳ್ಳೆಯ ಪರಿಹಾರ ಲಿನಕ್ಸ್‌ನಲ್ಲೇ ಇದೆ. ಅದು ಹೆಚ್ಚು ಜನಕ್ಕೆ ತಿಳಿಯಬೇಕು ಅನ್ನುವುದು ನನ್ನ ಆಸೆ. /ಡೆವ್/ಡಿಸ್ಕ್/ಬೈ-ಐಡಿ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ ಪ್ರತಿ ಡಿಸ್ಕಿಗೂ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಸೇರಿದ ಉದ್ದ ಹೆಸರು ಇರುತ್ತದೆ. ಒಳಗೆ ಅದು ಎಸ್‌ಡಿಬಿಗೋ ಎಸ್‌ಡಿಸಿಗೋ ಕೈತೋರಿಸುತ್ತದೆ, ಆ ಗೊಡವೆ ನಮಗೆ ಬೇಡ. ಪೆನ್ ಡ್ರೈವ್ ಯಾವ ಪೋರ್ಟ್‌ಗೆ ಸಿಕ್ಕಿಸಿದರೂ ಈ ಹೆಸರು ಅದೇ.

ಇಷ್ಟು ಉದ್ದದ ಹೆಸರನ್ನು ಕೈಯಿಂದ ಟೈಪ್ ಮಾಡುವುದು ಯಾರಿಗೂ ಆಗದ ಕೆಲಸ. ಟ್ಯಾಬ್ ಇದ್ದರೆ ಕಷ್ಟವೇ ಇಲ್ಲ. ಡಿಡಿಯ ಒಎಫ್= ಮುಂದೆ /ಡೆವ್/ಡಿಸ್ಕ್/ಬೈ-ಐಡಿ/ಯುಎಸ್‌ಬಿ- ಅಂತ ಬರೆದು ಟ್ಯಾಬ್ ಒತ್ತಿ. ಯುಎಸ್‌ಬಿಯಿಂದ ಶುರುವಾಗುವ ಹೆಸರುಗಳು ಮಾತ್ರ ಬರುತ್ತವೆ. ಲ್ಯಾಪ್‌ಟಾಪ್ ಒಳಗಿನ ಸಾಟಾ ಡಿಸ್ಕಿನ ಹೆಸರು ಎಟಿಎ- ಅಂತ, ಎನ್‌ವಿಎಂಇಯದು ಎನ್‌ವಿಎಂಇ- ಅಂತ ಶುರುವಾಗುವುದರಿಂದ ಅವು ಈ ಪಟ್ಟಿಗೆ ಬರುವುದೇ ಇಲ್ಲ. ಒಂದೇ ಪೆನ್ ಡ್ರೈವ್ ಸಿಕ್ಕಿಸಿದ್ದರೆ ಅದರ ಹೆಸರೇ ತುಂಬಿಕೊಳ್ಳುತ್ತದೆ. ಕೊನೆಯಲ್ಲಿ -ಪಾರ್ಟ್1 ಅಂತ ಇದ್ದರೆ ಅದು ಪಾರ್ಟಿಷನ್, ಇಲ್ಲದಿದ್ದರೆ ಇಡೀ ಡಿಸ್ಕ್. ಐಎಸ್‌ಒ ಬರೆಯಲು ಬೇಕಾದ್ದು ಇಡೀ ಡಿಸ್ಕಿನ ಹೆಸರು. ಹೆಸರಿನ ನಡುವಿನ ಕೋಲನ್‌ಗೆ ಮೊದಲು ಬ್ಯಾಶ್ ಒಂದು ಬ್ಯಾಕ್‌ಸ್ಲ್ಯಾಷ್ ಸೇರಿಸಬಹುದು, ಅದನ್ನು ಹಾಗೇ ಬಿಡಿ.

ಹೊರಗಿನ ಹಾರ್ಡ್ ಡಿಸ್ಕ್ ಕೂಡ ಯುಎಸ್‌ಬಿಯೇ ಆದ್ದರಿಂದ ಐಎಸ್‌ಒ ಬರೆಯುವಾಗ ಅದನ್ನು ಕಿತ್ತು ಪಕ್ಕಕ್ಕಿಡಿ.

## ತೆಗೆಯುವ ಮೊದಲು

ಕಾಪಿ ಮುಗಿಯಿತು ಅಂತ ಪರದೆ ಹೇಳಿದರೂ ಡೇಟಾದ ಒಂದು ಭಾಗ ಇನ್ನೂ ಮೆಮೊರಿಯಲ್ಲೇ ಇರಬಹುದು. ವೇಗಕ್ಕಾಗಿ ಲಿನಕ್ಸ್ ಬರೆಯುವುದನ್ನು ಸ್ವಲ್ಪ ಮುಂದೂಡುತ್ತದೆ. ಯುಮೌಂಟ್ ಮಾಡಿದಾಗ ಉಳಿದದ್ದೆಲ್ಲ ಡಿಸ್ಕಿಗೆ ಹೋಗುತ್ತದೆ. ಅದಕ್ಕೇ ಆ ಕಮಾಂಡ್ ಕೆಲವೊಮ್ಮೆ ತುಂಬಾ ಹೊತ್ತು ಸುಮ್ಮನೆ ನಿಂತಂತೆ ಕಾಣುತ್ತದೆ. ಕಾಯಿರಿ.

ಟಾರ್ಗೆಟ್ ಈಸ್ ಬ್ಯುಸಿ ಅಂತ ಬಂದರೆ ಯಾವುದೋ ಪ್ರೋಗ್ರಾಂ ಆ ಡಿಸ್ಕಿನ ಫೈಲ್ ತೆರೆದಿಟ್ಟುಕೊಂಡಿದೆ ಅಂತ ಅರ್ಥ. ಬಹಳ ಸಲ ನಿಮ್ಮ ಟರ್ಮಿನಲ್ಲೇ ಆ ಫೋಲ್ಡರಿನ ಒಳಗೆ ಕೂತಿರುತ್ತದೆ. ಹೊರಗೆ ಬಂದು ಮತ್ತೆ ಪ್ರಯತ್ನಿಸಿ.

ಡೆಸ್ಕ್‌ಟಾಪ್ ಬಳಸುವವರಿಗೆ ಯುಡಿಸ್ಕ್ಸ್‌ಸಿಟಿಎಲ್ ಇನ್ನೂ ಅನುಕೂಲ. ಪೆನ್ ಡ್ರೈವ್‌ಗಳಿಗೆ ಸಾಮಾನ್ಯವಾಗಿ ಸುಡೊ ಇಲ್ಲದೆಯೇ ನಡೆಯುತ್ತದೆ. ಅದರ ಮುಂದೆ ಟ್ಯಾಬ್ ಒತ್ತಿದರೆ ಮೌಂಟ್, ಅನ್‌ಮೌಂಟ್, ಪವರ್-ಆಫ್ ಮುಂತಾದ ಆಯ್ಕೆ ಬರುತ್ತದೆ. ಇಲ್ಲಿ ಅನ್‌ಮೌಂಟ್‌ನಲ್ಲಿ ಎನ್ ಇದೆ. -ಬಿ ಬರೆದು ಮೌಂಟ್, ಅನ್‌ಮೌಂಟ್‌ಗೆ ಪಾರ್ಟಿಷನ್ ಹೆಸರು, ಪವರ್-ಆಫ್‌ಗೆ ಡಿಸ್ಕಿನ ಹೆಸರು ಕೊಟ್ಟರೆ ಸಾಕು. ಪವರ್-ಆಫ್ ಮಾಡಿದರೆ ಹೊರಗಿನ ಹಾರ್ಡ್ ಡಿಸ್ಕಿನ ತಟ್ಟೆ ತಿರುಗುವುದು ನಿಲ್ಲುತ್ತದೆ, ಆಮೇಲೆ ಕೀಳಬಹುದು.

ಮ್ಯಾಕ್‌ನಲ್ಲಿ ಈ ಕೆಲಸಗಳಿಗೆಲ್ಲ ಡಿಸ್ಕ್‌ಯುಟಿಲ್ ಎಂಬ ಒಂದೇ ಕಮಾಂಡ್ ಇದೆ. ಮೊದಲು ಓಡಿಸಬೇಕಾದ್ದು ಡಿಸ್ಕ್‌ಯುಟಿಲ್ ಲಿಸ್ಟ್.

## ಡಿಸ್ಕಿನ ಆರೋಗ್ಯ

ಹಳೆ ಲ್ಯಾಪ್‌ಟಾಪ್‌ಗೆ ಹೊಸ ಸಿಸ್ಟಮ್ ಹಾಕುವ ಮೊದಲು ಅದರ ಡಿಸ್ಕ್ ಇನ್ನೂ ಬಾಳುತ್ತದಾ ಅಂತ ನೋಡುವುದು ಒಳ್ಳೆಯದು. ಡಿಸ್ಕುಗಳು ತಮ್ಮ ಸ್ಥಿತಿಯನ್ನು ತಾವೇ ದಾಖಲಿಸಿಕೊಳ್ಳುತ್ತವೆ. ಆ ವ್ಯವಸ್ಥೆಗೆ ಸ್ಮಾರ್ಟ್ ಅಂತ ಹೆಸರು. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು, ಸುಡೊ ಸ್ಮಾರ್ಟ್‌ಸಿಟಿಎಲ್ -ಎ ಬರೆದು ಡಿಸ್ಕಿನ ಹೆಸರು ಕೊಡಿ. ಈ -ಎ ಸಣ್ಣಕ್ಷರ.

ಉದ್ದ ಪಟ್ಟಿ ಬರುತ್ತದೆ. ಹಾರ್ಡ್ ಡಿಸ್ಕ್ ಆದರೆ 5, 197, 198 ಸಂಖ್ಯೆಯ ಸಾಲುಗಳನ್ನು ನೋಡಿ. 5 ಅಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳು. 197 ಅಂದರೆ ಓದಲು ತೊಂದರೆ ಕೊಡುತ್ತಾ ತೀರ್ಮಾನಕ್ಕೆ ಕಾದಿರುವವು. 198 ಅಂದರೆ ಸರಿಪಡಿಸಲು ಆಗದವು. ಕೊನೆಯ ಕಾಲಂನಲ್ಲಿ ಮೂರೂ ಸೊನ್ನೆ ಇದ್ದರೆ ಒಳ್ಳೆಯ ಲಕ್ಷಣ. ಸೊನ್ನೆ ಇಲ್ಲದಿದ್ದರೆ, ಅದರಲ್ಲೂ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಮೊದಲು ಬ್ಯಾಕಪ್, ಆಮೇಲೆ ಬೇರೆ ಮಾತು. ಒಟ್ಟು ಫಲಿತಾಂಶ ಪಾಸ್ಡ್ ಅಂತ ಇದ್ದರೂ ಈ ಸಾಲುಗಳನ್ನು ನೋಡದೆ ಬಿಡಬೇಡಿ. ಎನ್‌ವಿಎಂಇಯಲ್ಲಿ ಪರ್ಸೆಂಟೇಜ್ ಯೂಸ್ಡ್ ಎಂಬ ಸಾಲು ಡಿಸ್ಕಿನ ಅಂದಾಜು ಆಯಸ್ಸಿನಲ್ಲಿ ಎಷ್ಟು ಕಳೆದಿದೆ ಅಂತ ಹೇಳುತ್ತದೆ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕ್ ಉತ್ತರ ಕೊಡದಿದ್ದರೆ -ಡಿ ಸ್ಯಾಟ್ ಸೇರಿಸಿ ನೋಡಿ.

## ಟ್ಯಾಬ್ ಕೆಲಸ ಮಾಡದಿದ್ದರೆ

ಬ್ಯಾಶ್‌ನಲ್ಲಿ ಫೈಲ್ ಹೆಸರು ಪೂರ್ತಿಯಾಗುತ್ತದೆ, ಆದರೆ ಕಮಾಂಡಿನ ಆಯ್ಕೆಗಳು ಬರುವುದಿಲ್ಲ ಅಂತಾದರೆ ಬ್ಯಾಶ್-ಕಂಪ್ಲೀಷನ್ ಪ್ಯಾಕೇಜ್ ಇಲ್ಲ ಅಂತ ಅರ್ಥ. ಹಾಕಿಕೊಂಡು ಹೊಸ ಟರ್ಮಿನಲ್ ತೆರೆಯಿರಿ. ಝಡ್‌ಶೆಲ್‌ನಲ್ಲಿ ಸೆಟ್ಟಿಂಗ್ಸ್ ಫೈಲಿನಲ್ಲಿ ಕಂಪ್‌ಇನಿಟ್ ಶುರು ಮಾಡುವ ಸಾಲು ಇರಬೇಕು. ಫಿಶ್‌ಗೆ ಏನೂ ಬೇಡ. ಫಿಶ್_ಅಪ್‌ಡೇಟ್_ಕಂಪ್ಲೀಷನ್ಸ್ ಓಡಿಸಿದರೆ ಕಮಾಂಡ್‌ಗಳ ಕೈಪಿಡಿ ಪುಟಗಳನ್ನು ಓದಿ ಆಯ್ಕೆಗಳನ್ನು ತಾನೇ ಕಲಿಯುತ್ತದೆ.

ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಬೇರೊಂದು ಗೊಂದಲ ಆಗುತ್ತದೆ. ಎಫ್‌ಡಿ ಅಂತ ಬರೆದು ಟ್ಯಾಬ್ ಒತ್ತಿದರೆ ಎಫ್‌ಡಿಸ್ಕ್ ಬರುವುದಿಲ್ಲ, ಪೂರ್ತಿ ಬರೆದರೂ ಕಮಾಂಡ್ ಸಿಗಲಿಲ್ಲ ಅನ್ನುತ್ತದೆ. ಅದು ಇದೆ, ಆದರೆ ಅಡ್ಮಿನ್ ಕಮಾಂಡ್‌ಗಳಿರುವ ಎಸ್‌ಬಿನ್ ಎಂಬ ಫೋಲ್ಡರಿನಲ್ಲಿದೆ. ಸಾಮಾನ್ಯ ಬಳಕೆದಾರರ ಹುಡುಕಾಟ ಅಲ್ಲಿಗೆ ಹೋಗುವುದಿಲ್ಲ. ಮೊದಲು ಸುಡೊ ಬರೆದು ಆಮೇಲೆ ಟ್ಯಾಬ್ ಒತ್ತಿ. ಸುಡೊದ ಪೂರಣ ಸ್ಕ್ರಿಪ್ಟ್ ಆ ಫೋಲ್ಡರನ್ನೂ ಸೇರಿಸಿಕೊಂಡು ಹುಡುಕುತ್ತದೆ.